ಮಾತಿನ ನಡುವೆ ಕಿತ್ತ ಪ್ಲಗ್ಗು

ಆಸ್ಟ್ರೇಲಿಯಾದ ಪೋರ್ಟ್ ಅಡಿಲೇಡಿನ ಹಳೆಯ ಉಣ್ಣೆ ಗೋದಾಮಿನ ಮಹಡಿಯಲ್ಲಿ ನಾವಿಬ್ಬರೂ ಒಂದು ಕೋಣೆ ಹಂಚಿಕೊಂಡಿದ್ದೆವು. ನನ್ನದು ಬೆಸುಗೆ ಕೆಲಸ, ಕೆಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳ ರಿಪೇರಿ. ಕ್ಲೈವ್ ಟ್ರೆಲೋರ್‌ನದು ಕಂಪ್ಯೂಟರ್ ಕೋಡು ಬರೆಯುವ ಕೆಲಸ. ಬರೆಯುವುದು ಅಂತ ಹೇಳಿದೆ, ಆದರೆ ಅವನು ಬರೆಯುತ್ತಿದ್ದದ್ದಕ್ಕಿಂತ ಓಡಾಡುತ್ತಿದ್ದದ್ದೇ ಹೆಚ್ಚು. ಕಿಟಕಿಗೆ ಹೋಗಿ ನದಿ ನೋಡುವುದು, ಕೆಟಲ್ ಹಚ್ಚುವುದು, ನೀರು ಕುದಿಯುವ ಮೊದಲೇ ಆರಿಸುವುದು, ಮೆಟ್ಟಿಲಿಳಿದು ಬೀದಿಗೆ ಹೋಗಿ ಯಾಕೆ ಬಂದೆ ಅಂತ ಮರೆತು ವಾಪಸು ಬರುವುದು. ಐವತ್ತು ದಾಟಿದ ಗಂಡಸು, ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ.

"ಒಂದ್ಕಡೆ ಇರೋ ಮಾರಾಯ, ನೆಲ ಸವೆದುಹೋಗುತ್ತೆ," ಅನ್ನುತ್ತಿದ್ದೆ.

"ನಿನ್ನಪ್ಪಂದಾ ನೆಲ? ಬಾಡಿಗೆದು ಕಣೋ, ಸವೀಲಿ ಬಿಡು."

ಹೊಟ್ಟೆಪಾಡಿಗೆ ಅವನು ಯಾರ‍್ಯಾರದೋ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದ. ಅದನ್ನು ಎಡಗೈಯಲ್ಲಿ ಮಾಡಿ ಮುಗಿಸುತ್ತಿದ್ದ. ಅವನ ಜೀವ ತಿನ್ನುತ್ತಿದ್ದದ್ದು ಬೇರೆಯೇ ಒಂದು ಕೆಲಸ. ಅದು ಯಾರೂ ಹೇಳಿ ಮಾಡಿಸಿದ್ದಲ್ಲ, ತಂಗಿಗೋಸ್ಕರ ತಾನೇ ಮೈಮೇಲೆ ಎಳೆದುಕೊಂಡದ್ದು.

ತಂಗಿ ಟ್ಯಾಮ್ಸಿನ್ ಅವನಿಗಿಂತ ಐದು ವರ್ಷ ಚಿಕ್ಕವಳು. ಮೂವತ್ತರ ಆಸುಪಾಸಿನಲ್ಲಿ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಪೂರ್ತಿ ಹೋಯಿತು. ಫಿಸಿಯೋಥೆರಪಿ ಅವಳ ಕಸುಬು. ಸೊಂಟ ಹಿಡಿದುಕೊಂಡು ಬಂದವರ ಬೆನ್ನು ಮುಟ್ಟಿಯೇ ಎಲ್ಲಿ ಏನಾಗಿದೆ ಎಂದು ಹೇಳುತ್ತಿದ್ದಳು. ಫೋನು ಅವಳಿಗೆ ಎಲ್ಲವನ್ನೂ ಓದಿ ಹೇಳುತ್ತಿತ್ತು: ಬಸ್ಸಿನ ನಂಬರು, ಮುಂದಿನ ನಿಲ್ದಾಣ, ಬಂದ ಮೇಲು, ಎದುರಿಗಿರುವ ಬಾಗಿಲು. ಅದು ಓದುವ ವೇಗಕ್ಕೆ ನನ್ನ ಕಿವಿಗೆ ಬರೀ ಪಟಪಟ ಸದ್ದು ಕೇಳುತ್ತಿತ್ತು. ವೈರಿಲ್ಲದ ಇಯರ್‌ಫೋನು ಅವಳಿಗೆ ಆಗಿಬರುತ್ತಿರಲಿಲ್ಲ. ಬೆರಳು ಮುಟ್ಟಿದ್ದಕ್ಕೂ ಕಿವಿಗೆ ಕೇಳುವುದಕ್ಕೂ ನಡುವೆ ಒಂದು ಗಳಿಗೆ ತಡವಾದರೂ ಅವಳಿಗೆ ತಲೆ ಕೆಡುತ್ತಿತ್ತು. ಅದಕ್ಕೆ ವೈರೇ ಬೇಕು. ಈಗಿನ ಫೋನುಗಳಲ್ಲಿ ಇಯರ್‌ಫೋನಿಗೆ ಬೇರೆ ತೂತಿಲ್ಲ, ಚಾರ್ಜು ಮಾಡುವ ಯುಎಸ್‌ಬಿ ತೂತಿಗೇ ಸಿಕ್ಕಿಸಬೇಕು.

ತಾಪತ್ರಯ ಶುರುವಾಗುವುದೇ ಅಲ್ಲಿ. ಫೋನಿನೊಳಗೆ ಒಬ್ಬ ದೊಡ್ಡ ಯಜಮಾನ ಪ್ರೊಸೆಸರ್ ಇದ್ದಾನೆ, ಸದ್ದಿಗೆಂದೇ ಇಟ್ಟ ಒಬ್ಬ ಚಿಕ್ಕವನೂ ಇದ್ದಾನೆ. ಯುಎಸ್‌ಬಿಯಲ್ಲಿ ಸದ್ದು ಹೋಗುವಾಗ ಪ್ರತಿ ತುಣುಕಿಗೂ ಯಜಮಾನನೇ ಎದ್ದು ಬಡಿಸಬೇಕು. ಅವನು ಎದ್ದೇ ಇದ್ದರೆ ಬ್ಯಾಟರಿ ಮಧ್ಯಾಹ್ನದೊಳಗೆ ಖಾಲಿ. ಕ್ಲೈವ್ ಮಾಡಲು ಹೊರಟದ್ದು ಇಷ್ಟು: ಬಡಿಸುವ ಕೆಲಸವನ್ನು ಚಿಕ್ಕವನಿಗೆ ವಹಿಸಿ ಯಜಮಾನ ಮಲಗಲಿ ಎಂದು, ಲೋಕದವರೆಲ್ಲ ಸೇರಿ ಬರೆಯುವ ಲಿನಕ್ಸ್‌ನ ಯುಎಸ್‌ಬಿ ಡ್ರೈವರ್‌ಗೆ ಅಂದರೆ ಆ ತೂತನ್ನು ನಡೆಸುವ ಕೋಡಿಗೆ ಕಲಿಸುವುದು. ತಂಗಿಯ ಫೋನಿನೊಳಗೆ ಕೂತಿದ್ದದ್ದೂ ಲಿನಕ್ಸೇ. ಅವನು ಬರೆದದ್ದನ್ನು ಹಾಕಿದ ದಿನ ಬ್ಯಾಟರಿ ಸಂಜೆವರೆಗೂ ಬಂತು. ಅವಳು ಖುಷಿಯಿಂದ ಅವನಿಗೆ ಅಡಿಲೇಡಿನವರು ಕಪ್ಪೆಯ ಆಕಾರದಲ್ಲಿ ಮಾಡುವ ಕೇಕು ತಂದುಕೊಟ್ಟಿದ್ದಳು. ಅವನು ಅದನ್ನೂ ನಿಂತೇ ತಿಂದ.

ಆದರೆ ಆ ಖುಷಿ ಮುಂದಿನ ಅಪ್‌ಡೇಟ್ ಬರುವವರೆಗೆ ಮಾತ್ರ. ಅಪ್‌ಡೇಟ್ ಬಂದಾಗಲೆಲ್ಲ ಕ್ಲೈವ್ ಹಾಕಿದ್ದು ಅಳಿಸಿಹೋಗುತ್ತಿತ್ತು. ಅವನು ಫೋನು ಇಸಕೊಂಡು ಹೋಗಿ ಶನಿವಾರ ಭಾನುವಾರ ಕೂತು ಮತ್ತೆ ಸೇರಿಸಬೇಕು. ಆ ಎರಡು ದಿನ ಅವಳು ಸೆಮಫೋರ್ ಬಡಾವಣೆಯ ತನ್ನ ಮನೆ ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ.

"ನನ್ನ ಕಣ್ಣು ಕಿತ್ಕೊಂಡು ಹೋಗಿ ನಿನ್ನ ಮೇಜಿನ ಮೇಲೆ ಇಟ್ಕೊತೀಯ," ಎಂದು ಒಂದು ಸಲ ನನ್ನೆದುರಿಗೇ ಅಂದಿದ್ದಳು.

ಅದಕ್ಕಿದ್ದ ದಾರಿ ಒಂದೇ. ಅವನ ಕೋಡು ಲಿನಕ್ಸ್‌ನ ಮೂಲಕ್ಕೇ ಸೇರಬೇಕು. ಒಮ್ಮೆ ಅಲ್ಲಿ ಸೇರಿತೆಂದರೆ ಯಾವ ಅಪ್‌ಡೇಟಿಗೂ ಅಳಿಸುವುದಿಲ್ಲ, ಕ್ಲೈವ್ ಇದ್ದರೂ ಇಲ್ಲದಿದ್ದರೂ ಅದು ಇರುತ್ತದೆ. ಆ ವರ್ಷ ಅವಸರಕ್ಕೂ ಕಾರಣವಿತ್ತು. ಟ್ಯಾಮ್ಸಿನ್‌ಗೆ ಪೋರ್ಟ್ ಲಿಂಕನ್‌ನ ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿತ್ತು. ಸೆಪ್ಟೆಂಬರಿನಲ್ಲಿ ಇಲ್ಲಿಯ ಚಳಿಗಾಲ ಮುಗಿದ ಕೂಡಲೇ ಹೊರಡುವವಳು. ಕೊಲ್ಲಿ ಸುತ್ತಿಕೊಂಡು ಹೋಗಲು ಇಡೀ ದಿನ ಬೇಕು. ಅಲ್ಲಿಗೆ ಹೋದ ಮೇಲೆ ಶನಿವಾರ ಫೋನು ಕೊಟ್ಟು ಸೋಮವಾರ ತಗೊಳ್ಳುವ ಮಾತೇ ಇಲ್ಲ. ಅವಳು ಹೊರಡುವುದರೊಳಗೆ ಕೋಡು ಮೂಲಕ್ಕೆ ಸೇರಿಬಿಡಬೇಕು. ಕ್ಲೈವ್‌ನ ನಿದ್ದೆ ಕೆಡಿಸಿದ್ದು ಅದು.

ಸೇರಿಸುವುದು ಅವನ ಕೈಯಲ್ಲಿರಲಿಲ್ಲ. ಕೋಡನ್ನು ಸಣ್ಣ ಸಣ್ಣ ಪ್ಯಾಚುಗಳಾಗಿ ಮುರಿದು ಎಲ್ಲರೂ ಓದುವ ಮೇಲ್ ಲಿಸ್ಟಿಗೆ ಕಳಿಸಬೇಕು. ಬಣ್ಣ ಇಲ್ಲ, ಚಿತ್ರ ಇಲ್ಲ, ಬರೀ ಅಕ್ಷರ. ಲೋಕದ ಯಾವ ಮೂಲೆಯವರಾದರೂ ಓದಿ ತಪ್ಪು ಹೇಳಬಹುದು. ಹೇಳಿದ್ದನ್ನೆಲ್ಲ ತಿದ್ದಿ, ಹೊಸ ಸಂಖ್ಯೆ ಹಾಕಿ, ಇಡೀ ಗಂಟನ್ನು ಮತ್ತೆ ಮೊದಲಿಂದ ಕಳಿಸಬೇಕು. ಕೊನೆಗೆ ಒಪ್ಪುವವನು ಉರ್ಹೋ ಎಂಬ ಫಿನ್ಲೆಂಡಿನವನು. ಸದ್ದಿನ ಕೋಡಿಗೆ ಅವನೇ ಕಾವಲು. ನಾವು ಮನೆಗೆ ಹೊರಡುವ ಹೊತ್ತಿಗೆ ಅವನ ಬೆಳಗಿನ ಕೆಲಸ ಶುರುವಾಗುತ್ತಿತ್ತು. ಹಾಗಾಗಿ ಕ್ಲೈವ್ ಮನೆಗೆ ಹೊರಡುತ್ತಲೇ ಇರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿ, ಬಾಗಿಲ ಚಿಲಕ ಹಿಡಿದು, ಮತ್ತೆ ಬಂದು ಪರದೆ ನೋಡುತ್ತಿದ್ದ.

ಆ ಲಿಸ್ಟಿನಲ್ಲಿ ಒಂದು ಪದ್ಧತಿ ಇದೆ. ಒಮ್ಮೆ ಕಳಿಸಿದ ಮೇಲೆ ಒಂದು ವಾರವಾದರೂ ಸುಮ್ಮನಿರಬೇಕು, ಓದುವವರಿಗೆ ಪುರುಸೊತ್ತು ಕೊಡಬೇಕು. ಕ್ಲೈವ್‌ಗೆ ಅದೊಂದು ಆಗುತ್ತಿರಲಿಲ್ಲ. ಯಾರೋ ಒಬ್ಬರು ಒಂದು ತಪ್ಪು ತೋರಿಸಿದರೆ ಸಾಕು, ಮಾರನೇ ದಿನವೇ ತಿದ್ದಿ ಹೊಸ ಸಂಖ್ಯೆಯಲ್ಲಿ ಕಳಿಸಿಬಿಡುವನು. ಹಳೆಯದನ್ನು ಅರ್ಧ ಓದಿದವರ ಶ್ರಮವೆಲ್ಲ ನೀರುಪಾಲು.

ಉರ್ಹೋ ಒಂದು ಸಂಜೆ ಬರೆದ: "ನಿಮ್ಮ ಹದಿನಾರನೆಯದನ್ನು ಓದುತ್ತಿದ್ದೆ. ಅಷ್ಟರಲ್ಲಿ ಹದಿನೇಳನೆಯದು ಬಂತು. ಈಗ ಯಾವುದನ್ನೂ ಓದುತ್ತಿಲ್ಲ."

"ನೋಡು, ನೋಡು ಇವನ ಕೊಬ್ಬು!" ಎಂದು ಕ್ಲೈವ್ ಕುಣಿದಾಡಿದ.

"ಕೊಬ್ಬು ಅವನ್ದಲ್ಲ ಕಣಯ್ಯ," ಅಂದೆ. "ಊಟಕ್ಕೆ ಕೂತೋನ ಎಲೆ ಕಿತ್ತು ಬೇರೆ ಎಲೆ ಹಾಕಿದ್ರೆ ಯಾರು ತಾನೇ ಉಣ್ತಾರೆ?"

"ನಿನಗೇನಯ್ಯ, ಬೆಸುಗೆ ಹಾಕ್ಕೊಂಡು ಆರಾಮಾಗಿದ್ದೀಯ. ಟ್ಯಾಮ್ ಹೊರಡೋಕೆ ಎಷ್ಟು ದಿನ ಉಳಿದಿದೆ ಗೊತ್ತಾ?"

ಗೊತ್ತಿತ್ತು. ಅವನೇ ದಿನಾ ಹೇಳುತ್ತಿದ್ದನಲ್ಲ. ಹೊಸದನ್ನು ಸೇರಿಸಿಕೊಳ್ಳುವ ಬಾಗಿಲು ತೆರೆಯುವುದು ಎರಡೂ ಚಿಲ್ಲರೆ ತಿಂಗಳಿಗೊಮ್ಮೆ. ಈ ಸಲ ತಪ್ಪಿದರೆ ಮುಂದಿನದು ಅವಳು ಹೋದ ಮೇಲೆಯೇ.

ಜುಲೈನ ಒಂದು ಭಾನುವಾರ ಟ್ಯಾಮ್ಸಿನ್ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಪೇಸ್ಟಿ ಮಾಡಿದ್ದಳು, ಮಾಂಸ ತುಂಬಿ ಸುಡುವ ಮೈದಾ ಕಡುಬು. ಅವರಮ್ಮನ ಕಾಲದ ಹಾಗೆಯೇ ಟರ್ನಿಪ್ ಹಾಕಿ, ಅಂಚು ಹೆಣೆದು. ನಾನು ಸಾಸ್ ಸುರಿದುಕೊಂಡೆ. ಎರಡು ತುತ್ತು ತಿಂದಿರಬೇಕು, ಅವಳು ಅಂದಳು:

"ಕ್ಲೈವ್, ನೀನು ತಿದ್ದಿಕೊಟ್ಟ ಫೋನು ನನ್ನನ್ನ ಗ್ರ್ಯಾಂಡ್ ಜಂಕ್ಷನ್ ರೋಡಲ್ಲಿ ಬೀದಿಪಾಲು ಮಾಡ್ತು."

"ಏನಾಯ್ತು?"

"ಬಸ್ಸಲ್ಲಿದ್ದೆ. ಫೋನು ಸ್ಟಾಪಿನ ಹೆಸರು ಹೇಳ್ತಾ ಇತ್ತು. ಅಷ್ಟರಲ್ಲಿ ಪಕ್ಕದ ಹೆಂಗಸು ಏನೋ ಕೇಳಿದ್ಳು. ಪ್ಲಗ್ ಕಿತ್ತೆ. ಮಾತಾಡ್ಸಿ ಮತ್ತೆ ಸಿಕ್ಕಿಸ್ತೀನಿ, ಫೋನು ಸತ್ತು ಬಿದ್ದಿದೆ. ಒತ್ತಿದ್ರೆ ಇಲ್ಲ, ತಟ್ಟಿದ್ರೆ ಇಲ್ಲ. ಅಂದಾಜಿನ ಮೇಲೆ ಇಳ್ದೆ. ತಪ್ಪು ಕಡೆ ಇಳಿದಿದ್ದೆ. ಲಾರಿಗಳು ಪಕ್ಕದಲ್ಲೇ ಗುಂಯ್ ಅಂತ ಹೋಗ್ತಾವೆ, ನಾನು ಬೇಲಿ ತಡವರಿಸ್ಕೊಂಡು ನಡೀತಾ ಇದ್ದೀನಿ."

ಕ್ಲೈವ್ ಪೇಸ್ಟಿ ಕೆಳಗಿಟ್ಟ. "ಮೊದ್ಲು ನಿಲ್ಲಿಸಿದ್ಯಾ?"

"ಏನನ್ನ?"

"ಮಾತನ್ನ. ಫೋನು ಓದೋದನ್ನ ನಿಲ್ಲಿಸಿ, ಆಮೇಲೆ ಪ್ಲಗ್ ಕೀಳ್ಬೇಕು. ಓದ್ತಾ ಇರೋವಾಗ ಕಿತ್ರೆ ಒಂದೊಂದ್ಸಲ ಹಂಗಾಗುತ್ತೆ."

ಅವಳ ಮುಖ ಅವನ ಕಡೆಗೆ ತಿರುಗಿತು. "ಅಂದ್ರೆ ನಿನಗೆ ಮೊದ್ಲೇ ಗೊತ್ತಿತ್ತು."

"ಅಪರೂಪಕ್ಕೆ ಆಗೋದು ಕಣೇ. ಮೂಲಕ್ಕೆ ಒಂದ್ಸಲ ಸೇರಿಬಿಡ್ಲಿ, ಆಮೇಲೆ ಅದನ್ನ ಸರಿ ಮಾಡ್ತೀನಿ. ಅಲ್ಲಿವರೆಗೆ ನೀನು ಒಂಚೂರು ನೋಡ್ಕೊಂಡು ಕಿತ್ತರಾಯ್ತು."

"ಯಾರಾದ್ರೂ ಮಾತಾಡ್ಸಿದಾಗ ನಾನು ಕೀಳೋದು. ಕಿವಿಯಿಂದ ತೆಗೆದ್ರೆ ಅದು ಓದ್ತಾನೇ ಹೋಗುತ್ತೆ, ಬುಡದಲ್ಲಿ ಕಿತ್ರೆ ಅಲ್ಲೇ ನಿಲ್ಲುತ್ತೆ. ಕುರುಡರು ಎಲ್ಲರೂ ಹಂಗೇ ಮಾಡೋದು. ಮನುಷ್ಯರು ಮಾತಾಡ್ಸಿದಾಗ, 'ತಡೀರಮ್ಮ, ನಮ್ಮಣ್ಣ ಹೇಳಿದಾನೆ, ಮೊದ್ಲು ನಿಲ್ಲಿಸ್ಬೇಕಂತೆ' ಅಂತ ಹೇಳ್ಲಾ?"

ನನಗೆ ನಗು ತಡೆಯಲಾಗಲಿಲ್ಲ. ಕ್ಲೈವ್ ನನ್ನನ್ನು ತಿಂದುಹಾಕುವ ಹಾಗೆ ನೋಡಿದ. ಅವನ ತಪ್ಪು ಎಲ್ಲಿತ್ತು ಎಂದು ನನಗೆ ಆಗಲೇ ಹೊಳೆಯಿತು. ಎರಡು ವರ್ಷದಿಂದ ಅವನು ಪರೀಕ್ಷೆ ಮಾಡುವಾಗಲೆಲ್ಲ ಮೊದಲು ಸದ್ದು ನಿಲ್ಲಿಸಿ, ಆಮೇಲೆ ಹೂವು ಬಿಡಿಸಿದ ಹಾಗೆ ಪ್ಲಗ್ ತೆಗೆಯುತ್ತಿದ್ದ. ಕೋಡು ಬರೆದವರೆಲ್ಲ ಹಾಗೆಯೇ. ತಮ್ಮ ಕೂಸಿಗೆ ಎಲ್ಲಿ ನೋಯುತ್ತದೆಂದು ಗೊತ್ತಿರುವುದರಿಂದ ಅಲ್ಲಿ ಮುಟ್ಟುವುದಿಲ್ಲ. ಲೋಕದವರು ಬಂದು ಅಲ್ಲೇ ಹಿಡಿದೆಳೆಯುತ್ತಾರೆ.

ಆಗಸ್ಟ್ ಬಂತು. ಈ ಸಲ ಕ್ಲೈವ್ ಹಲ್ಲು ಕಚ್ಚಿಕೊಂಡು ವಾರ ಕಾದ, ಉರ್ಹೋ ಪೂರ್ತಿ ಓದಿದ. ಚೆನ್ನಾಗಿದೆ ಎಂದು ಅವನು ಬರೆಯುವವನಲ್ಲ. "ಬೇರೆ ದೂರುಗಳಿಲ್ಲ," ಎಂದು ಬರೆದ. "ಬರೆದವರಲ್ಲದೆ ಇನ್ನೊಬ್ಬರು ಯಾರಾದರೂ ಪರೀಕ್ಷೆ ಮಾಡಿ ಲಿಸ್ಟಿಗೆ ತಿಳಿಸಲಿ. ಆಮೇಲೆ ತೆಗೆದುಕೊಳ್ಳುತ್ತೇನೆ."

ಕ್ಲೈವ್ ನನ್ನ ಮೇಜಿನ ಹತ್ತಿರ ಬಂದು ನಿಂತ. "ನಿನ್ನ ಹೆಸರು ಹಾಕ್ಲಾ?"

"ನನ್ನ ಹೆಸರು ಬೇಡ."

"ಯಾಕೆ?"

"ಆ ದಿನ ಪೇಸ್ಟಿ ತಿನ್ತಾ ಎಲ್ಲ ಕೇಳಿಸ್ಕೊಂಡಿದ್ದೀನಲ್ಲ, ಅದಕ್ಕೆ."

ಅವನು ಮತ್ತೆ ಒತ್ತಾಯ ಮಾಡಲಿಲ್ಲ. ಕಿಟಕಿಗೆ ಹೋದ, ಬಂದ, ಮತ್ತೆ ಹೋದ. ಆಮೇಲೆ ತಂಗಿಗೆ ಫೋನು ಮಾಡಿದ. ನೀನೇ ತಾನೇ ದಿನಾ ಬಳಸೋದು, ಪರೀಕ್ಷೆ ಮಾಡಿದೀನಿ ಅಂತ ಎರಡು ಸಾಲು ಬರಿ, ವಿಳಾಸ ನಾನು ಕಳಿಸ್ತೀನಿ ಅಂದ.

"ವಿಳಾಸ ನನಗೆ ಗೊತ್ತು," ಎಂದಳಂತೆ ಅವಳು. "ಆ ಲಿಸ್ಟು ನಾನು ಮೊದಲಿಂದ ಓದ್ತಾ ಇದ್ದೀನಿ. ಬರೀ ಅಕ್ಷರ ನೋಡು, ನನ್ನ ಫೋನಿಗೆ ಅಷ್ಟು ಸಲೀಸಾಗಿ ಓದೋಕೆ ಬರೋದು ಇನ್ನೊಂದಿಲ್ಲ. ನೀನು ಉರ್ಹೋ ಹತ್ರ ಬೈಸ್ಕೊಂಡಿದ್ದೆಲ್ಲ ಕೇಳಿದ್ದೀನಿ. ಬರೀತೀನಿ ಬಿಡು."

ಅವನು ನಿರಾಳವಾಗಿ ಕೆಟಲ್ ಹಚ್ಚಿದ. ಆ ದಿನ ಮೊದಲ ಸಲ ನೀರು ಕುದಿಯಿತು.

ಮಾರನೆಯ ದಿನ ಸಂಜೆ ನಾಲ್ಕೂವರೆಗೆ ಅವಳ ಮೇಲು ಲಿಸ್ಟಿಗೆ ಬಂತು. ಕ್ಲೈವ್ ಗಟ್ಟಿಯಾಗಿ ಓದತೊಡಗಿದವನು ಮಧ್ಯದಲ್ಲಿ ನಿಲ್ಲಿಸಿಬಿಟ್ಟ. ಉಳಿದದ್ದನ್ನು ನಾನೇ ಅವನ ಹೆಗಲ ಮೇಲಿಂದ ಬಗ್ಗಿ ಓದಿದೆ.

"ನಾನು ಟ್ಯಾಮ್ಸಿನ್ ಟ್ರೆಲೋರ್. ಇದನ್ನು ಬರೆದವರ ತಂಗಿ. ನನಗೆ ಕಣ್ಣು ಕಾಣುವುದಿಲ್ಲ, ಬೆಳಗಿಂದ ಸಂಜೆವರೆಗೆ ಇದನ್ನೇ ಬಳಸುತ್ತೇನೆ. ಬ್ಯಾಟರಿ ಇಡೀ ದಿನ ಬರುತ್ತದೆ, ಅದು ನಿಜ. ಆದರೆ ಫೋನು ಮಾತಾಡುತ್ತಿರುವಾಗ ಪ್ಲಗ್ ಕಿತ್ತರೆ ಕೆಲವು ಸಲ ಫೋನೇ ನಿಂತುಹೋಗುತ್ತದೆ. ಬರೆದವರಿಗೆ ಇದು ಗೊತ್ತು. ಕೀಳಬೇಡ ಎಂದು ನನಗೆ ಹೇಳಿದ್ದಾರೆ. ಇದು ಸರಿಹೋಗುವವರೆಗೆ ದಯವಿಟ್ಟು ತೆಗೆದುಕೊಳ್ಳಬೇಡಿ."

ಅದರ ಕೆಳಗೆ ಆಗಲೇ ಉರ್ಹೋನ ಸಾಲು ಬಂದಿತ್ತು. "ಕ್ಲೈವ್, ಇದು ನಿಜವೇ?"

"ಸ್ವಂತ ತಂಗಿ ಕಣೋ!" ಕ್ಲೈವ್ ಕುರ್ಚಿ ಒದ್ದ. "ಇಡೀ ಲೋಕದ ಎದುರಿಗೆ! ಯಾರಿಗೋಸ್ಕರ ಸಾಯ್ತಾ ಇದ್ದೀನಿ ನಾನು?" ಅಲ್ಲೇ ಅವಳಿಗೆ ಫೋನು ಹಚ್ಚಿದ, ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಎಸೆದ.

"ಏನೇ ಇದು? ಯಾಕೆ ಹಂಗೆ ಬರೆದೆ?"

"ಪರೀಕ್ಷೆ ಮಾಡಿ ಬರಿ ಅಂದೆ. ಬರೆದೆ."

"ನಿನಗೋಸ್ಕರಾನೇ ಇಷ್ಟೆಲ್ಲ ಮಾಡ್ತಿರೋದು! ಈಗ ಈ ಸಲದ ಬಾಗಿಲು ಮುಚ್ಚಿಹೋಗುತ್ತೆ. ನೀನು ಲಿಂಕನ್‌ಗೆ ಹೋಗಿ ಏನ್ಮಾಡ್ತೀಯ? ಒಂಚೂರು ನಿಲ್ಲಿಸಿ ಕಿತ್ತಿದ್ರೆ ಗಂಟೇನು ಹೋಗ್ತಿತ್ತು ನಿನ್ದು?"

"ನನಗೆ ಕೀಳ್ಬೇಡ ಅಂತ ಹೇಳೋಕೆ ನೀನಿದ್ದೀಯ, ಕ್ಲೈವ್. ಇದು ಎಲ್ಲರ ಫೋನಿಗೂ ಹೋಗುತ್ತಲ್ಲ, ಅವರಿಗೆಲ್ಲ ಯಾರಣ್ಣ ಇದ್ದಾನೆ ಹೇಳೋಕೆ?"

ಅವನು ಕರೆ ಕತ್ತರಿಸಿದ. ಆಮೇಲೆ ಆ ಕೋಣೆಯಲ್ಲಿ ಅವನ ಓಡಾಟ ಶುರುವಾಯಿತು. ಉತ್ತರ ಬರೆಯಲು ಬಗ್ಗುವುದು, ಬರೆದದ್ದನ್ನು ಅಳಿಸುವುದು, ಮತ್ತೆ ನಡೆಯುವುದು. 'ಬಹಳ ಅಪರೂಪ' ಎಂದು ಬರೆದ, ಅಳಿಸಿದ. 'ಈ ಒಂದು ಫೋನಿನಲ್ಲಿ ಮಾತ್ರ ಇರಬಹುದು' ಎಂದು ಬರೆದ, ಅದನ್ನೂ ಅಳಿಸಿದ. ಅಪರೂಪ ಎಂದು ಬರೆದಿದ್ದರೆ ಉರ್ಹೋ ತೆಗೆದುಕೊಳ್ಳುತ್ತಿದ್ದನೋ ಏನೋ. ಕೊನೆಗೆ ನಿಂತ ನಿಲುವಿನಲ್ಲೇ ಎರಡು ಪದ ಕುಟ್ಟಿ ಕಳಿಸಿ, ಬ್ಯಾಗು ಬಿಟ್ಟು ಹೊರಟುಹೋದ. ನಾನು ಹೋಗಿ ನೋಡಿದೆ. "ಹೌದು. ಗೊತ್ತಿತ್ತು."

ಉರ್ಹೋ ಬೈಯಲಿಲ್ಲ. "ಹಾಗಾದರೆ ಈ ಸಲ ಬೇಡ. ಸರಿಮಾಡಿ ಕಳಿಸಿ," ಎಂದಿದ್ದ.

ಟ್ಯಾಮ್ಸಿನ್ ಸೆಪ್ಟೆಂಬರಿನಲ್ಲಿ ಹೊರಟಳು. ಸಾಮಾನು ಹೇರಿಸಲು ನಾನು ಹೋಗಿದ್ದೆ, ಕ್ಲೈವ್ ಬರಲಿಲ್ಲ. ಹೊರಡುವ ಮುಂಚೆ ಅವಳು ಅಪ್‌ಡೇಟ್ ಹಾಕಿಕೊಂಡು ಅಣ್ಣನ ಕೋಡನ್ನು ಅಳಿಸಿಬಿಟ್ಟಿದ್ದಳು. ಮಧ್ಯದಲ್ಲಿ ಸತ್ತುಹೋಗುವ ಫೋನಿಗಿಂತ ಮಧ್ಯಾಹ್ನ ಚಾರ್ಜು ಮುಗಿಯುವ ಫೋನು ವಾಸಿ, ಅದು ಹೇಳಿಯಾದರೂ ಹೋಗುತ್ತದೆ ಅಂದಳು. ಅಣ್ಣನ ಬಗ್ಗೆ ಒಂದೇ ಮಾತು ಕೇಳಿದಳು, ಊಟಗೀಟ ಮಾಡ್ತಾನಾ ಅಂತ. ಸುಳ್ಳು ಹೇಳಿದೆ.

ಅದಾದ ಮೇಲೆ ಎರಡು ತಿಂಗಳು ಕ್ಲೈವ್ ಆ ತಪ್ಪಿನ ಬೆನ್ನು ಬಿದ್ದ. ನನಗೆ ಒಂದು ಹಳೆಯ ಫೋನು ಕೊಟ್ಟು, "ಕೀಳು. ಯಾವಾಗ ಬೇಕಾದ್ರೂ ಕೀಳು, ನನಗೆ ಹೇಳ್ಬೇಡ," ಅಂದ. ಬೆಸುಗೆಯ ಮಧ್ಯೆ ಎದ್ದು ಹೋಗಿ ಕೀಳುತ್ತಿದ್ದೆ, ಸ್ಯಾಂಡ್‌ವಿಚ್ ಬಾಯಲ್ಲಿಟ್ಟುಕೊಂಡು ಕೀಳುತ್ತಿದ್ದೆ, ಅವನ ಮೇಲೆ ಸಿಟ್ಟು ಬಂದಾಗ ಎರಡು ಸಲ ಕೀಳುತ್ತಿದ್ದೆ. ಸತ್ತಾಗಲೆಲ್ಲ ಅವನು ಓಡಿಬಂದು ಒಳಗೆ ಏನಾಗಿದೆಯೆಂದು ನೋಡುವನು. ಕೊನೆಗೂ ಸಿಕ್ಕಿತು. ಪ್ಲಗ್ ಹೋದ ಕೂಡಲೇ ಎಚ್ಚೆತ್ತ ಯಜಮಾನ, 'ಮುಗಿಸಿದೆಯಾ' ಎಂದು ಚಿಕ್ಕವನನ್ನು ಕೇಳಿ ಉತ್ತರಕ್ಕೆ ಕಾಯುತ್ತಿದ್ದ. ಚಿಕ್ಕವನು ಆಗಲೇ ಹೋಗಿಬಿಟ್ಟ ಇಯರ್‌ಫೋನಿನ ಉತ್ತರಕ್ಕೆ ಕಾಯುತ್ತಿದ್ದ. ಇಬ್ಬರೂ ಕಾಯುತ್ತ ಕೂತರೆ ಫೋನು ನಿಲ್ಲದೆ ಇನ್ನೇನಾದೀತು? ಇಯರ್‌ಫೋನು ಹೋಯಿತು ಎಂದು ಚಿಕ್ಕವನಿಗೆ ಮೊದಲು ಹೇಳಬೇಕಿತ್ತು, ಅಷ್ಟೇ.

ತಿದ್ದಿ ಕಳಿಸಿದ. ಪರೀಕ್ಷಿಸಿದವನೆಂದು ಈ ಸಲ ನನ್ನ ಹೆಸರು ಹೋಯಿತು. ದೋಷ ತಿಳಿಸಿದವರು ಎಂಬಲ್ಲಿ ಟ್ಯಾಮ್ಸಿನ್ ಟ್ರೆಲೋರ್ ಎಂದು ಅವನೇ ಬರೆದ. ಕಳಿಸಿದ ಮೇಲೆ ಕಾಯಬೇಕಲ್ಲ, ಆ ವಾರ ಅವನು ಲಾರ್ಗ್ಸ್ ಬೇ ಕಡಲ ದಂಡೆಯ ಕಟ್ಟೆಯ ಮೇಲೆ ಎಷ್ಟು ನಡೆದನೋ ದೇವರೇ ಬಲ್ಲ. ಉರ್ಹೋ ತೆಗೆದುಕೊಂಡ. ಜನವರಿ ಬಂದು ಇಲ್ಲಿಯ ಬೇಸಿಗೆ ನಡುವಿಗೆ ಬರುವಷ್ಟರಲ್ಲಿ ಅದು ಮೂಲಕ್ಕೆ ಸೇರಿತ್ತು.

ಫೆಬ್ರವರಿಯಲ್ಲಿ ಒಂದು ದಿನ, "ಲಿಂಕನ್‌ಗೆ ಹೋಗ್ಬೇಕು. ಹೊಸ ಅಪ್‌ಡೇಟ್ ಬಂದಿದೆ, ಅವಳ ಫೋನಿಗೆ ಹಾಕಿಕೊಡ್ಬೇಕು. ಏನಾದ್ರೂ ಕೈಕೊಟ್ರೆ ನೋಡ್ಕೋಬೇಕಲ್ಲ," ಅಂದ ಕ್ಲೈವ್. ಅವನ ಕೈಗೆ ಸ್ಟೀರಿಂಗ್ ಕೊಟ್ಟರೆ ಇಬ್ಬರೂ ಅರ್ಧ ದಾರಿಯ ವಯಲ್ಲಾ ಊರನ್ನೂ ದಾಟುವುದಿಲ್ಲ ಎಂದು ನಾನೇ ಗಾಡಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಎರಡು ಲ್ಯಾಪ್‌ಟಾಪು, ಒಂದು ಚೀಲ ತುಂಬ ಕೇಬಲ್ಲು. ದಾರಿಯುದ್ದಕ್ಕೂ ಅವನು ಕಿಟಕಿ ಇಳಿಸಿದ, ಏರಿಸಿದ, ಅವಳಿಗೆ ಮೊದಲ ಮಾತು ಏನು ಹೇಳಬೇಕೆಂದು ನನ್ನ ಮೇಲೆ ಪ್ರಯೋಗ ಮಾಡಿ ನೋಡಿದ. ಯಾವುದೂ ಸರಿಬರಲಿಲ್ಲ.

ಟ್ಯಾಮ್ಸಿನ್ ಬಾಗಿಲು ತೆಗೆದಳು. ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದು, "ಒಳಗೆ ಬಾ, ಅಲ್ಲೇ ಶತಪಥ ಹಾಕ್ಬೇಡ," ಅಂದಳು. ಅವನು ನೇರ ಒಳಗೆ ನಡೆದ. ಚೀಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಕೇಬಲ್ಲು ಬಿಡಿಸತೊಡಗಿದ.

"ಏನದು?"

"ಅಪ್‌ಡೇಟ್ ಬಂದಿದೆ. ಫೋನು ಕೊಡು, ಹಾಕಿಬಿಡ್ತೀನಿ. ಸಾಯಂಕಾಲಕ್ಕೆಲ್ಲ ವಾಪಸ್ ಕೊಡ್ತೀನಿ, ಇಟ್ಕೊಳಲ್ಲ."

"ಅದು ಹೋದ ವಾರಾನೇ ಬಂತು. ತಾನೇ ಹಾಕ್ಕೊಳ್ತು."

"ತಾನೇ?"

"ತಾನೇ. ಬೆಳಿಗ್ಗೆ ಎದ್ದೆ, ಮುಗಿದಿತ್ತು. ಅವತ್ತು ಸಂಜೆ ಮನೆಗೆ ಬಂದ್ರೂ ಇನ್ನೂ ಚಾರ್ಜಿತ್ತು. ದಿನಕ್ಕೆ ಎಷ್ಟು ಸಲ ಕೀಳ್ತೀನೋ, ಒಂದ್ಸಲಾನೂ ಸತ್ತಿಲ್ಲ."

ಕ್ಲೈವ್‌ನ ಕೈ ಕೇಬಲ್ಲಿನ ಮೇಲೆ ನಿಂತಿತು. "ಮತ್ತೆ ನನಗೆ ಹೇಳ್ಲೇ ಇಲ್ಲ?"

"ಹೇಳೋಕೆ ಏನಿತ್ತೋ? ಸರಿಯಾಗಿತ್ತಲ್ಲ."

ಅವನಿಗೆ ಬೇಕಾಗಿದ್ದದ್ದು ಅದೇ. ಅದಕ್ಕೆಂದೇ ನಿದ್ದೆ ಬಿಟ್ಟಿದ್ದ, ಬೈಸಿಕೊಂಡಿದ್ದ, ತಂಗಿಯ ಜೊತೆ ಮಾತು ಬಿಟ್ಟಿದ್ದ. ಅವನ ಮುಖ ನೋಡಲಾರದೆ ನಾನು ಸಿಂಕಿನ ಕಡೆ ತಿರುಗಿದೆ.

"ಹಂಗಾದ್ರೆ ನಾನಿನ್ನು ಬೇಕಾಗಿಲ್ಲ," ಅಂದ ಕ್ಲೈವ್. ನಗಲು ನೋಡಿದ. "ಅದನ್ನೇ ಮಾಡೋಕೆ ಇಷ್ಟು ವರ್ಷ ಒದ್ದಾಡಿದ್ದು. ಆಗಿಹೋಯ್ತು ನೋಡು."

ಟ್ಯಾಮ್ಸಿನ್ ಮೇಜು ತಡವಿ, ಕೇಬಲ್ಲುಗಳನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿ, ಚೀಲವನ್ನು ನೆಲಕ್ಕಿಳಿಸಿದಳು.

"ಬೇಕಾಗಿಲ್ಲದೇ ಇರೋದು ಫೋನಿಗೆ ಕಣೋ," ಅಂದಳು. "ನಾನೆಲ್ಲಿ ಹಂಗಂದೆ?"